ನಿಮಗಿದು ಗೊತ್ತೇ? ಬೈಕಿನ ಹೊಟ್ಟೆಯಲ್ಲಿರುವ ಒಂದು ಲೀಟರ್ ಬೆರಗು

ಗದಗದಿಂದ ಬಿಂಕದಕಟ್ಟಿಯ ಪ್ರಾಣಿ ಸಂಗ್ರಹಾಲಯಕ್ಕೆ ಬೈಕಿನಲ್ಲಿ ಹೊರಟಿರಾ? ಹುಬ್ಬಳ್ಳಿ ರಸ್ತೆ ಹಿಡಿದರೆ ಹೆಚ್ಚೆಂದರೆ ಹತ್ತು ಹದಿನೈದು ನಿಮಿಷದ ದಾರಿ. ಅಷ್ಟರಲ್ಲಿ ಎಂಜಿನ್ ಒಳಗೆ ಏನಾಗುತ್ತದೆ ಗೊತ್ತೇ? ಎಂಜಿನ್ ನಿಮಿಷಕ್ಕೆ 6,000 ಸುತ್ತು ಹಾಕುತ್ತಿದೆ ಎನ್ನಿ. ಪಿಸ್ಟನ್ ಒಂದೇ ಸೆಕೆಂಡಿನಲ್ಲಿ ನೂರು ಸಲ ಮೇಲೇರಿ ನೂರು ಸಲ ಕೆಳಗಿಳಿಯುತ್ತದೆ. ಎರಡೂ ತುದಿಯಲ್ಲಿ ಗಕ್ಕನೆ ನಿಂತು ಮತ್ತೆ ಓಡುತ್ತದೆ. ಸೆಕೆಂಡಿಗೆ 200 ನಿಲುಗಡೆ! ಹತ್ತು ನಿಮಿಷಕ್ಕೆ 1,20,000!

ಇನ್ನೊಂದು ಕೇಳಿ. ಸ್ಪ್ಲೆಂಡರ್ ಬೈಕಿನ ಪಿಸ್ಟನ್ ಓಡಾಡುವ ಜಾಗ ಬರೀ 49.5 ಮಿಲಿಮೀಟರ್. ನಿಮ್ಮ ಹೆಬ್ಬೆರಳಿಗಿಂತ ಗಿಡ್ಡ! ಆದರೂ 6,000 ಸುತ್ತಿನಲ್ಲಿ ಅದರ ಸರಾಸರಿ ವೇಗ ಗಂಟೆಗೆ 35 ಕಿಲೋಮೀಟರ್ ದಾಟುತ್ತದೆ. ಡಬ್ಬಿಯೊಳಗೇ ಗಂಟೆಗೆ 35 ಕಿಲೋಮೀಟರ್!

ಇಷ್ಟೆಲ್ಲ ಓಟದಲ್ಲಿ ಲೋಹಕ್ಕೆ ಲೋಹ ತಾಗದಂತೆ ಕಾಯುವುದು ಏನು? ಕೆಲವೇ ಮೈಕ್ರಾನ್ ದಪ್ಪದ ಎಣ್ಣೆಯ ಪದರ. ನಿಮ್ಮ ತಲೆಗೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ!

ಈ ಪದರದ ಗುಟ್ಟು ರಟ್ಟಾಗಿದ್ದು ಒಂದು ಬಿರಡೆಯಿಂದ. 1883ರ ಸುಮಾರು. ಬೋಷಾಂಪ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗ್ ಪರೀಕ್ಷಿಸುತ್ತಿದ್ದರು. ಎಣ್ಣೆ ಬಿಡಲೆಂದು ಬೇರಿಂಗ್ ನೆತ್ತಿಗೆ ಒಂದು ತೂತು ಕೊರೆದರು. ಅಚ್ಚು ತಿರುಗಿದ್ದೇ ತಡ, ಒಳಗೆ ಹೋಗಬೇಕಾದ ಎಣ್ಣೆ ಆ ತೂತಿನಿಂದ ಹೊರಗೆ ಉಕ್ಕಿತು! ಬಿರಡೆ ಜಡಿದರು. ಅದು ಹಾರಿಹೋಯಿತು. ಮರದ ಗೂಟ ಬಡಿದರು. ಅದೂ ಮೇಲೆ ಎದ್ದು ಬಂತು! ತಿರುಗುವ ಅಚ್ಚೇ ಎಣ್ಣೆಯನ್ನು ಎಳೆದುಕೊಂಡು, ಒತ್ತಡ ಹುಟ್ಟಿಸಿ, ತನ್ನ ಮೇಲಿನ ಭಾರವನ್ನು ಎತ್ತಿ ಹಿಡಿಯುತ್ತಿತ್ತು. ಮೂರು ವರ್ಷ ಬಿಟ್ಟು, 1886ರಲ್ಲಿ, ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಲೆಕ್ಕದ ಸೂತ್ರವನ್ನೇ ಬರೆದರು. ನಿಮ್ಮ ಬೈಕಿನ ಬೇರಿಂಗ್‌ಗಳ ಲೆಕ್ಕ ಇವತ್ತಿಗೂ ಅದೇ ಸೂತ್ರದ ಮೇಲೆ ನಿಂತಿದೆ!

ಇನ್ನೂ ಹಿಂದೆ ಹೋಗೋಣವೇ? ಸುಮಾರು 3,900 ವರ್ಷಗಳ ಹಿಂದಿನ ಈಜಿಪ್ಟ್. ಜೆಹುತಿಹೋಟೆಪ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಯ ಮೇಲೊಂದು ಚಿತ್ರವಿದೆ. ನೂರಾರು ಜನ ಭಾರೀ ಮೂರ್ತಿಯೊಂದನ್ನು ಎಳೆಯುತ್ತಿದ್ದಾರೆ. ಮೂರ್ತಿ ಹೊತ್ತ ಜಾರುಬಂಡಿಯ ಮುಂಭಾಗದಲ್ಲಿ ಒಬ್ಬ ನಿಂತು ಮರಳಿಗೆ ನೀರು ಸುರಿಯುತ್ತಿದ್ದಾನೆ. ಪೂಜೆಯಿರಬೇಕು ಎಂದು ಬಹುಕಾಲ ನಂಬಿದ್ದವರಿದ್ದರು. 2014ರಲ್ಲಿ ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದವರು ಮರಳನ್ನು ಹದವಾಗಿ ನೆನೆಸಿ ಎಳೆದು ನೋಡಿದರು. ಎಳೆಯುವ ಬಲ ಅರ್ಧಕ್ಕೆ ಇಳಿಯಿತು! ನೀರು ಹೊಯ್ದವನು ಕೀಲೆಣ್ಣೆಯ ಕೆಲಸ ಮಾಡುತ್ತಿದ್ದ!

ಕೀಲೆಣ್ಣೆ ಎಂದ ಮೇಲೆ ನಮ್ಮ ಚಕ್ಕಡಿ ಬಿಡುವುದುಂಟೇ? ಚಕ್ಕಡಿಯ ಅಚ್ಚಿಗೆ ಹಿರಿಯರು ಬಿಡುತ್ತಿದ್ದುದು ಔಡಲ ಎಣ್ಣೆ, ಅದೇ ಹರಳೆಣ್ಣೆ. ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಗಿಡ. ಈ ಎಣ್ಣೆ ಎಲ್ಲಿಯವರೆಗೆ ಹೋಯಿತು ಗೊತ್ತೇ? ಆಕಾಶದವರೆಗೆ!

ಮೊದಲ ಮಹಾಯುದ್ಧದ ಎಷ್ಟೋ ಯುದ್ಧವಿಮಾನಗಳು ಓಡಿದ್ದು ಔಡಲ ಎಣ್ಣೆಯ ಮೇಲೆ. ಆಗಿನ ಕೆಲವು ಎಂಜಿನ್‌ಗಳಲ್ಲಿ ಸಿಲಿಂಡರುಗಳೇ ಗಿರಗಿರ ತಿರುಗುತ್ತಿದ್ದವು. ಪೆಟ್ರೋಲೂ ಎಣ್ಣೆಯೂ ಒಂದೇ ದಾರಿಯಲ್ಲಿ ಒಳಗೆ ಬರುತ್ತಿದ್ದವು. ಬೇರೆ ಎಣ್ಣೆ ಹಾಕಿದರೆ ಪೆಟ್ರೋಲ್ ಅದನ್ನು ಕರಗಿಸಿ ತೊಳೆದುಬಿಡುತ್ತಿತ್ತು. ಔಡಲ ಎಣ್ಣೆ ಮಾತ್ರ ಪೆಟ್ರೋಲಿಗೆ ಜಗ್ಗಲಿಲ್ಲ! ಒಮ್ಮೆ ಬಳಸಿದ ಎಣ್ಣೆ ಹೊಗೆಯ ಜೊತೆ ಹೊರಗೆ ಹಾರಿ ಪೈಲಟ್‌ನ ಮುಖಕ್ಕೇ ಬಡಿಯುತ್ತಿತ್ತು. ಔಡಲ ಎಣ್ಣೆ ಹೊಟ್ಟೆಗೆ ಹೋದರೆ ಏನಾಗುತ್ತದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆ ಪೈಲಟ್‌ಗಳ ಪಾಡು ನೀವೇ ಊಹಿಸಿಕೊಳ್ಳಿ!

ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಔಡಲದಿಂದಲೇ. ಚಾರ್ಲ್ಸ್ ವೇಕ್‌ಫೀಲ್ಡ್ ಲಂಡನ್ನಿನಲ್ಲಿ ಕಂಪನಿ ಕಟ್ಟಿದ್ದು 1899ರಲ್ಲಿ. ಹತ್ತು ವರ್ಷ ಬಿಟ್ಟು ಅವರು ಬಿಟ್ಟ ಎಂಜಿನ್ ಎಣ್ಣೆಯಲ್ಲಿ ಕ್ಯಾಸ್ಟರ್, ಅಂದರೆ ಔಡಲ ಎಣ್ಣೆ ಬೆರೆತಿತ್ತು. ಹೆಸರಿಗೂ ಅದೇ ಬೆರೆಯಿತು!

ಹಾಗಿದ್ದರೆ ಇವತ್ತೂ ಔಡಲ ಎಣ್ಣೆಯನ್ನೇ ಬೈಕಿಗೆ ಸುರಿಯಬಹುದಲ್ಲ? ಬೇಡ! ಬಿಸಿಯಲ್ಲಿ ಅದು ಗೋಂದಾಗಿ ಅಂಟುತ್ತದೆ. ಹಿಂದೆ ರೇಸ್ ಮುಗಿದ ಮೇಲೆ ಎಂಜಿನ್ ಬಿಚ್ಚಿ ತೊಳೆಯುತ್ತಿದ್ದರು. ನಮಗೆ ಅಷ್ಟು ಪುರುಸೊತ್ತು ಎಲ್ಲಿದೆ?

ಆದರೆ ಔಡಲದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ! ಔಡಲ ಎಣ್ಣೆಯಿಂದ ಸೆಬಾಸಿಕ್ ಆಮ್ಲ ಎಂಬ ರಸಾಯನ ತೆಗೆಯುತ್ತಾರೆ. ಅದನ್ನು ಒಂದು ಬಗೆಯ ಆಲ್ಕೋಹಾಲ್ ಜೊತೆ ಕೂಡಿಸಿದರೆ ಎಸ್ಟರ್ ಹುಟ್ಟುತ್ತದೆ. 1950ರ ದಶಕದ ಜೆಟ್ ಎಂಜಿನ್‌ಗಳಿಗೆ ಹಾಕಿದ ಸಿಂಥೆಟಿಕ್ ಎಣ್ಣೆ ಇಂಥದ್ದೇ. ಸಿಂಥೆಟಿಕ್ ಎಂದರೆ ಬರೀ ಕಾರ್ಖಾನೆಯ ಮಾಲು ಎಂದುಕೊಂಡಿದ್ದಿರಾ? ಅದರ ಬೇರು ಬದುವಿನ ಔಡಲ ಗಿಡದಲ್ಲೂ ಇದೆ! ಅಷ್ಟೇ ಅಲ್ಲ, ಜಗತ್ತಿನಲ್ಲಿ ಬೆಳೆಯುವ ಔಡಲದ ಬಹುಪಾಲು ಭಾರತದ್ದೇ!

ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಇಳಿಯುವ ಜೆಟ್ ವಿಮಾನ ನೋಡಿದ್ದೀರಲ್ಲ? ಅದರ ಎಂಜಿನ್ನಿನಲ್ಲಿ ಇವತ್ತಿಗೂ ಎಸ್ಟರ್ ಎಣ್ಣೆಯೇ. ಭೂಮಿಯಿಂದ ತೆಗೆದ ಸಾದಾ ಎಣ್ಣೆಗೆ ಆ ಬಿಸಿ ತಡೆಯುವ ಶಕ್ತಿಯಿಲ್ಲ. ವಿಮಾನದ ಈ ವಿದ್ಯೆಯನ್ನು 1971ರಲ್ಲಿ ಫ್ರಾನ್ಸಿನ ಮೋಟುಲ್ ಕಂಪನಿ 300ವಿ ಎಂಬ ಎಣ್ಣೆಯಾಗಿ ರಸ್ತೆಗೆ ಇಳಿಸಿತು. ಆಕಾಶದ ಎಣ್ಣೆ ನೆಲಕ್ಕೆ ಬಂತು!

ಎಸ್ಟರ್ ಹುಡುಕಾಟ ಜೋರಾಗಿದ್ದು ಎರಡನೇ ಮಹಾಯುದ್ಧದ ಹೊತ್ತಿನ ಜರ್ಮನಿಯಲ್ಲಿ. ಹರ್ಮನ್ ಝೋರ್ನ್ ಎಂಬ ವಿಜ್ಞಾನಿ ಸಾವಿರಾರು ಎಸ್ಟರ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಸಾವಿರಾರು!

ಸಿಂಥೆಟಿಕ್ ಎಣ್ಣೆಯ ಇನ್ನೊಂದು ಕುಲ ಇನ್ನೂ ವಿಚಿತ್ರ. ಅದು ಶುರುವಾಗುವುದು ಅನಿಲದಿಂದ! ಎಥಿಲೀನ್ ಗೊತ್ತಲ್ಲ, ಮಾವಿನಕಾಯಿ ಹಣ್ಣಾಗುವಾಗ ತಾನೇ ಬಿಡುವ ಅನಿಲ. ಕಾರ್ಖಾನೆಯಲ್ಲಿ ಅದರ ಅಣುಗಳನ್ನು ಪೋಣಿಸಿ ಡೆಸೀನ್ ಮಾಡುತ್ತಾರೆ. ಡೆಸೀನ್ ಅಣುಗಳನ್ನು ಮೂರು, ನಾಲ್ಕರಂತೆ ಜೋಡಿಸಿದರೆ ಪಾಲಿ ಆಲ್ಫಾ ಓಲೆಫಿನ್, ಚಿಕ್ಕದಾಗಿ ಪಿಎಒ. ಬಣ್ಣವೇ ಇಲ್ಲದ, ನೀರಿನಷ್ಟು ತಿಳಿಯಾದ ಎಣ್ಣೆ! ಕಚ್ಚಾ ತೈಲದಿಂದ ತೆಗೆದ ಎಣ್ಣೆಯಲ್ಲಿ ಸಾವಿರಾರು ಬಗೆಯ ಅಣುಗಳ ಸಂತೆ. ಪಿಎಒದಲ್ಲಿ ಬೇಕಾದಷ್ಟೇ, ಬೇಕಾದಂಥವೇ.

ಈಗ ಒಂದು ಶಾಕ್! ಅಂಗಡಿಯ ಬಾಟಲಿ ಮೇಲೆ ‘ಫುಲ್ಲಿ ಸಿಂಥೆಟಿಕ್’ ಎಂದು ದಪ್ಪಕ್ಷರದಲ್ಲಿದೆ. ಒಳಗಿರುವುದು ಕಚ್ಚಾ ತೈಲದಿಂದಲೇ ತೆಗೆದದ್ದೂ ಆಗಿರಬಹುದು! ಹೇಗೆ? ಕಚ್ಚಾ ತೈಲವನ್ನು ಭಾರೀ ಒತ್ತಡದಲ್ಲಿ ಜಲಜನಕದ ಜೊತೆ ಕಾಯಿಸಿದರೆ ಅಣುಗಳ ಆಕಾರವೇ ಬದಲಾಗುತ್ತದೆ. ಇದನ್ನು ಸಿಂಥೆಟಿಕ್ ಎನ್ನಬಹುದೇ ಎಂದು ಅಮೆರಿಕದಲ್ಲಿ ದೊಡ್ಡ ತಕರಾರು ನಡೆಯಿತು. ಮೊಬಿಲ್ ದೂರು ಕೊಟ್ಟಿತು, ಕ್ಯಾಸ್ಟ್ರಾಲ್ ಉತ್ತರ ಕೊಟ್ಟಿತು. 1999ರಲ್ಲಿ ಅಲ್ಲಿನ ಜಾಹೀರಾತು ಮಂಡಳಿ ‘ಎನ್ನಬಹುದು’ ಎಂದಿತು. ಅಲ್ಲಿಂದ ಮುಂದೆ ಆ ಪದದ ಬಾಗಿಲು ಅಗಲವಾಯಿತು! ಹಾಗೆಂದು ಈ ಎಣ್ಣೆ ಕಳಪೆ ಅಲ್ಲ. ಬಹಳ ಒಳ್ಳೆಯದೇ. ಆದರೆ ಮುಂದಿನ ದಪ್ಪಕ್ಷರ ನೋಡಿ ಮರುಳಾಗಬೇಡಿ, ಬಾಟಲಿ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ನಿಜವಾದ ಮಜಾ ಅಲ್ಲಿದೆ!

‘ಸೆಮಿ ಸಿಂಥೆಟಿಕ್’ ಎಂದರೆ ಅರ್ಧಕ್ಕರ್ಧ ಎಂದುಕೊಂಡಿರಾ? ಹಾಗೇನಿಲ್ಲ! ಇಷ್ಟೇ ಪಾಲು ಇರಬೇಕೆಂಬ ಕಟ್ಟುಪಾಡು ಆ ಪದಕ್ಕಿಲ್ಲ.

ಸಣ್ಣಕ್ಷರಕ್ಕೆ ಬರೋಣ. 20ಡಬ್ಲ್ಯು-50, 10ಡಬ್ಲ್ಯು-30 ಎಂದೆಲ್ಲ ಇರುತ್ತದೆ. ಈ ಡಬ್ಲ್ಯು ತೂಕದ್ದಲ್ಲ, ವಿಂಟರ್, ಅಂದರೆ ಚಳಿಗಾಲದ್ದು. 20ಡಬ್ಲ್ಯು ಎಣ್ಣೆಯ ಚಳಿ ಪರೀಕ್ಷೆ ನಡೆಯುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ! 10ಡಬ್ಲ್ಯು ಆದರೆ 25 ಡಿಗ್ರಿ ಕೆಳಗೆ. 0ಡಬ್ಲ್ಯು ಆದರೆ 35 ಡಿಗ್ರಿ ಕೆಳಗೆ! ನಮ್ಮ ಗದಗ, ಮುಂಡರಗಿ, ಶಿರಹಟ್ಟಿಯಲ್ಲಿ ಎಂಥ ಮಾಗಿ ಚಳಿಯಲ್ಲೂ ನೀರು ಹೆಪ್ಪುಗಟ್ಟಿದ್ದು ನೋಡಿದ್ದೀರಾ? ಹಾಗಾಗಿ ಚಳಿಗೆ ಹೆದರಿ ದುಬಾರಿ ಎಣ್ಣೆ ಕೊಳ್ಳುವ ಕಾರಣ ನಮಗಿಲ್ಲ.

ಪಿಎಒ ಎಣ್ಣೆಯಂತೂ ಸೊನ್ನೆಗಿಂತ 60 ಡಿಗ್ರಿ ಕೆಳಗೂ ಹರಿಯಬಲ್ಲದು. ಲಡಾಖಿಗೆ ಹೊರಟವರಿಗೆ ಅದು ವರ. ಲಕ್ಷ್ಮೇಶ್ವರಕ್ಕೆ ಹೊರಟವರಿಗೆ ಬೇಕಾದದ್ದು ಅದರ ಇನ್ನೊಂದು ಗುಣ, ಬಿಸಿ ತಡೆಯುವುದು!

ಎಣ್ಣೆ ಕಾದಂತೆ ಎಷ್ಟು ತೆಳ್ಳಗಾಗುತ್ತದೆ ಗೊತ್ತೇ? 40 ಡಿಗ್ರಿಯ 20ಡಬ್ಲ್ಯು-50 ಎಣ್ಣೆ 100 ಡಿಗ್ರಿಗೆ ಏರಿದರೆ ಅದರ ದಪ್ಪ ಸುಮಾರು ಒಂಬತ್ತನೇ ಒಂದು ಪಾಲಿಗೆ ಇಳಿಯುತ್ತದೆ! ಬಾಟಲಿಯ ಎರಡನೇ ಅಂಕಿ ಇದೆಯಲ್ಲ, 30, 40, 50, ಅದು ಹೇಳುವುದು ಈ 100 ಡಿಗ್ರಿಯ ಕಥೆಯನ್ನೇ.

ಈ ತೆಳ್ಳಗಾಗುವ ಗುಣವನ್ನು ಅಳೆಯಲು 1929ರಲ್ಲಿ ಒಂದು ಅಳತೆಗೋಲು ಮಾಡಿದರು. ಆಗ ಸಿಗುತ್ತಿದ್ದುದರಲ್ಲಿ ಅತಿ ಕೆಟ್ಟ ಎಣ್ಣೆಗೆ ಸೊನ್ನೆ, ಅತಿ ಒಳ್ಳೆಯ ಪೆನ್ಸಿಲ್ವೇನಿಯಾ ಎಣ್ಣೆಗೆ ನೂರು. ನೂರಕ್ಕಿಂತ ಮೇಲೆ ಏನಿದ್ದೀತು ಎಂದುಕೊಂಡಿರಬೇಕು. ಇವತ್ತಿನ ಒಳ್ಳೆಯ ಸಿಂಥೆಟಿಕ್ ಬೈಕ್ ಎಣ್ಣೆಗಳು 150 ದಾಟುತ್ತವೆ! ಅಳತೆಗೋಲೇ ಸಾಲದಾಯಿತು!

ಒಂದೇ ಎಣ್ಣೆ ಚಳಿಯಲ್ಲಿ ತೆಳ್ಳಗೆ, ಬಿಸಿಯಲ್ಲಿ ದಪ್ಪಗೆ ನಡೆದುಕೊಳ್ಳುವುದು ಹೇಗೆ? ಅದರೊಳಗೆ ಉದ್ದುದ್ದ ಪಾಲಿಮರ್ ಎಳೆಗಳಿವೆ. ತಣ್ಣಗಿದ್ದಾಗ ಮುದುರಿ ಕೂಡುತ್ತವೆ, ಕಾದಾಗ ಬಿಚ್ಚಿ ಹರಡುತ್ತವೆ. ಹರಡಿದವು ಎಣ್ಣೆ ತೀರ ತೆಳ್ಳಗಾಗದಂತೆ ತಡೆಯುತ್ತವೆ! ಆದರೆ ಬೈಕಿನಲ್ಲಿ ಅವಕ್ಕೆ ಒಬ್ಬ ವೈರಿ ಇದ್ದಾನೆ, ಗೇರ್ ಬಾಕ್ಸ್. ಹಲ್ಲುಗಳ ನಡುವೆ ಸಿಕ್ಕ ಎಳೆಗಳು ತುಂಡಾಗುತ್ತವೆ. ಎಣ್ಣೆ ದಿನದಿಂದ ದಿನಕ್ಕೆ ತೆಳ್ಳಗಾಗುತ್ತದೆ. ಒಳ್ಳೆಯ ಸಿಂಥೆಟಿಕ್ ಎಣ್ಣೆಗೆ ಇಂಥ ಎಳೆಗಳು ಕಡಿಮೆ ಸಾಕು. ಮೂಲ ಎಣ್ಣೆಯೇ ಗಟ್ಟಿಗ!

ಕಾರಿನ ಎಂಜಿನ್ ಎಣ್ಣೆ ಎಂಜಿನ್ನಿಗಷ್ಟೇ. ಬೈಕಿನ ಎಣ್ಣೆಗೆ ಮೂರು ನೌಕರಿ! ಎಂಜಿನ್ ತಂಪಾಗಿಡಬೇಕು, ಗೇರ್ ಸವೆಯದಂತೆ ನೋಡಬೇಕು, ಕ್ಲಚ್ಚನ್ನೂ ಮುಳುಗಿಸಿ ಸಾಕಬೇಕು. ಅದೂ ಎಷ್ಟು ಎಣ್ಣೆಯಲ್ಲಿ? ಸ್ಪ್ಲೆಂಡರ್‌ಗೆ ಬರೀ ಒಂದು ಲೀಟರ್!

ಹಳೆಯ ಕಬ್ಬಿಣದ ಎಂಜಿನ್ನಿನ ಬುಲೆಟ್ ಹಾಗಿರಲಿಲ್ಲ. ಎಂಜಿನ್ನಿಗೆ ಒಂದು, ಗೇರ್ ಬಾಕ್ಸಿಗೆ ಒಂದು, ಕ್ಲಚ್ ಕಡೆಯ ಚೈನಿಗೆ ಇನ್ನೊಂದು. ಒಂದೇ ಗಾಡಿಯಲ್ಲಿ ಮೂರು ಎಣ್ಣೆ ಮನೆ!

ಈಗ ಕ್ಲಚ್ಚಿನ ಒಗಟು ಕೇಳಿ. ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಆದರೂ ಒಂದನ್ನೊಂದು ಗಟ್ಟಿಯಾಗಿ ಹಿಡಿಯಬೇಕು! ಜಾರಲೆಂದು ಹಾಕಿದ ಎಣ್ಣೆ ಅಲ್ಲಿ ಮಾತ್ರ ಜಾರಬಾರದು! ಕಾರಿನ ಎಣ್ಣೆಗಳಿಗೆ ಇಂಧನ ಉಳಿಸಲೆಂದು ಹೆಚ್ಚು ಜಾರುವ ರಸಾಯನ ಬೆರೆಸತೊಡಗಿದರು. ಅದನ್ನು ಬೈಕಿಗೆ ಹಾಕಿದವರ ಕ್ಲಚ್ ಜಾರತೊಡಗಿತು. ಆಕ್ಸಿಲರೇಟರ್ ತಿರುಗಿಸಿದರೆ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ! ಕಡೆಗೆ 1998ರಲ್ಲಿ ಜಪಾನಿನವರು ಬೈಕಿಗೇ ಬೇರೆ ಗುರುತು ತಂದರು, ಜಾಸೊ. ಎಂಎ ಎಂದಿದ್ದರೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಒಪ್ಪುತ್ತದೆ. ಎಂಎ2 ಎಂದಿದ್ದರೆ ಹಿಡಿತ ಇನ್ನೂ ಬಿಗಿ. ಎಂಬಿ ಎಂದರೆ ಹೆಚ್ಚು ಜಾರುವ ಬಗೆ.

ಹಾಗಾದರೆ ಎಂಬಿ ಯಾರಿಗೆ? ಸ್ಕೂಟರಿಗೆ! ಗೇರ್ ಇಲ್ಲದ ಸ್ಕೂಟರಿನ ಕ್ಲಚ್ ಒಣ ಕ್ಲಚ್, ಎಣ್ಣೆ ಮುಟ್ಟುವುದೇ ಇಲ್ಲ. ಮನೆಯಲ್ಲಿ ಆಕ್ಟಿವಾ, ಸ್ಪ್ಲೆಂಡರ್ ಎರಡೂ ಇದ್ದರೆ ಉಳಿದ ಎಣ್ಣೆಯನ್ನು ಅದಕ್ಕಿದಕ್ಕೆ ಸುರಿದೀರಿ, ಜೋಕೆ! ಎರಡೂ ಬಾಟಲಿ ಮೇಲೆ 10ಡಬ್ಲ್ಯು-30 ಎಂದೇ ಇದ್ದರೂ ಜಾತಿ ಬೇರೆ. ನನ್ನನ್ನು ಕೇಳಿದರೆ ಸಿಂಥೆಟಿಕ್ ಹೌದೋ ಅಲ್ಲವೋ ಎಂಬುದಕ್ಕಿಂತ ಈ ಎರಡಕ್ಷರ ದೊಡ್ಡದು.

ಇನ್ನೆರಡು ಅಕ್ಷರ ಎಪಿಐ, ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುರುತಿನವು. ಎಸ್‌ಎ ಎಂದು ಶುರುವಾಗಿ ಹೊಸ ಅಕ್ಷರ ಬಂದಂತೆ ಹೊಸ ಪರೀಕ್ಷೆ. ಎಸ್‌ಎಲ್ ಬಂದದ್ದು 2001ರಲ್ಲಿ, ಎಸ್‌ಎನ್ 2010ರಲ್ಲಿ, ಎಸ್‌ಪಿ 2020ರಲ್ಲಿ, ಎಸ್‌ಕ್ಯೂ 2025ರಲ್ಲಿ. ಆದರೆ ಎಸ್‌ಐ, ಎಸ್‌ಕೆ, ಎಸ್‌ಒ ಹುಡುಕಿ ನೋಡಿ. ಸಿಗುವುದೇ ಇಲ್ಲ! ಅವನ್ನು ಹಾರಿಸಿಬಿಟ್ಟಿದ್ದಾರೆ!

ಬಾಟಲಿಯಲ್ಲಿ ಇರುವುದೆಲ್ಲ ಎಣ್ಣೆಯಲ್ಲ. ಹತ್ತರಲ್ಲಿ ಒಂದೆರಡು ಪಾಲು ಬೇರೆ ರಸಾಯನಗಳು. ಅವುಗಳಲ್ಲಿ ಜಿಂಕ್, ರಂಜಕ ಸೇರಿದ ಒಂದಿದೆ, ಜಡ್‌ಡಿಡಿಪಿ. 1940ರ ದಶಕದಿಂದ ಬಳಕೆಯಲ್ಲಿದೆ. ಮೊದಲು ಹಾಕಿದ್ದು ಬೇರಿಂಗ್ ಕೊರೆತ ತಡೆಯಲು, ಸವೆತವನ್ನೂ ತಡೆಯುತ್ತದೆಂದು ಆಮೇಲೆ ತಿಳಿಯಿತು! ಲೋಹಕ್ಕೆ ಲೋಹ ಉಜ್ಜುವ ಜಾಗದಲ್ಲೇ ಅದು ಗಾಜಿನಂಥ ಪೊರೆ ಕಟ್ಟುತ್ತದೆ. ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು! ಸವೆದರೆ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ!

ಈ ರಂಜಕ ಹೆಚ್ಚಾದರೆ ಸೈಲೆನ್ಸರಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುತ್ತದೆ, ಕಡಿಮೆಯಾದರೆ ಗೇರ್ ಸವೆಯುತ್ತದೆ. ಅದಕ್ಕೆ ಜಾಸೊ ಹಾಕಿದ ಬೇಲಿ ನೋಡಿ, ನೂರಕ್ಕೆ 0.08ರಿಂದ 0.12 ಮಾತ್ರ! ಅಡುಗೆಯ ಉಪ್ಪಿಗೂ ಇಷ್ಟು ಸೂಕ್ಷ್ಮ ಲೆಕ್ಕವಿಲ್ಲ!

‘ನಮ್ಮ ಬಿಸಿಲಿಗೆ ದಪ್ಪ ಎಣ್ಣೆಯೇ ಸರಿ’ ಎಂದು ಯಾರಾದರೂ ಹೇಳಿದರೆ ಒಂದು ಕ್ಷಣ ತಡೆಯಿರಿ. ಸ್ಪ್ಲೆಂಡರ್‌ಗೆ ಕಂಪನಿ ಹೇಳುವುದು 10ಡಬ್ಲ್ಯು-30. ಕ್ಲಾಸಿಕ್ 350ಗೆ ರಾಯಲ್ ಎನ್‌ಫೀಲ್ಡ್ ಹೇಳುವುದು 15ಡಬ್ಲ್ಯು-50. ಎರಡೂ ಓಡುವುದು ಇದೇ ಬಿಸಿಲಿನಲ್ಲಿ! ದಪ್ಪ ತೀರ್ಮಾನಿಸುವುದು ಬಿಸಿಲಲ್ಲ, ಎಂಜಿನ್ನಿನ ಒಳಗಿನ ಸಂದುಗಳು. ಸಣ್ಣ ಸಂದಿಗೆ ದಪ್ಪ ಎಣ್ಣೆ ತುರುಕಿದರೆ ಪಂಪ್ ಏದುಸಿರು ಬಿಡುತ್ತದೆ, ಮೈಲೇಜ್ ಇಳಿಯುತ್ತದೆ. ಗಾಡಿಯ ಜೊತೆ ಬಂದ ಪುಸ್ತಕವನ್ನು ಒಮ್ಮೆ ಬಿಡಿಸಿ. ಎಲ್ಲ ಅದರಲ್ಲೇ ಇದೆ!

ಗಾಳಿಯಿಂದ ತಣಿಯುವ ಬೈಕಿಗೆ ಕಷ್ಟ ಯಾವಾಗ? ಹುಬ್ಬಳ್ಳಿ ಹೆದ್ದಾರಿಯ ಓಟದಲ್ಲಲ್ಲ, ಮುಳಗುಂದ ನಾಕಾದ ದಟ್ಟಣೆಯಲ್ಲಿ ಎಂಜಿನ್ ಆರಿಸದೆ ನಿಂತಾಗ! ಗಾಳಿ ಬೀಸುವುದಿಲ್ಲ, ಎಂಜಿನ್ ಉರಿಯುತ್ತಲೇ ಇರುತ್ತದೆ. ಎಣ್ಣೆಯ ಬಿಸಿ ಪ್ರತಿ 10 ಡಿಗ್ರಿ ಏರಿದಾಗಲೂ ಅದು ಕೆಡುವ ವೇಗ ಹೆಚ್ಚುಕಡಿಮೆ ಇಮ್ಮಡಿ ಎಂಬುದು ಎಣ್ಣೆ ತಜ್ಞರ ಲೆಕ್ಕ. 20 ಡಿಗ್ರಿ ಏರಿದರೆ ನಾಲ್ಕು ಪಟ್ಟು! ಸಿಂಥೆಟಿಕ್ ಎಣ್ಣೆ ತನ್ನ ಬೆಲೆಗೆ ನ್ಯಾಯ ಸಲ್ಲಿಸುವುದು ಇಲ್ಲಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಇಡೀ ದಿನ ಊರೊಳಗೆ ಪಾರ್ಸೆಲ್ ಹಂಚುವವರಿಗೆ, ಇಬ್ಬರು ಕೂತು ಮೂಟೆ ಹೇರಿಕೊಂಡು ಹೋಗುವವರಿಗೆ ಅದು ನಿಜಕ್ಕೂ ಬೇಕು. ದಿನಕ್ಕೆ ನಾಲ್ಕೈದು ಕಿಲೋಮೀಟರ್ ಮೆಲ್ಲಗೆ ಓಡಿಸುವವರಿಗೆ ಕಂಪನಿ ಹೇಳಿದ ಸಾದಾ ಎಣ್ಣೆ ಧಾರಾಳ ಸಾಕು.

ಸಿಂಥೆಟಿಕ್ಕಿಗೂ ಜಗ್ಗದ ಒಂದು ಶತ್ರು ನಮ್ಮಲ್ಲಿದೆ. ಧೂಳು! ಎರೆಹೊಲದ ದಾರಿಯಲ್ಲಿ, ಒಕ್ಕಣೆಯ ದಿನಗಳಲ್ಲಿ ಏಳುವ ಧೂಳಿನ ಸಿಲಿಕಾ ಕಣಗಳು ಸಿಲಿಂಡರಿನ ಗೋಡೆಯನ್ನೇ ಗೀರುತ್ತವೆ. ಎಷ್ಟು ದುಬಾರಿ ಎಣ್ಣೆ ಹಾಕಿದರೂ ಏರ್ ಫಿಲ್ಟರ್ ಹರಿದಿದ್ದರೆ ಮುಗಿಯಿತು. ಎಣ್ಣೆಗೆ ಖರ್ಚು ಮಾಡುವ ಮೊದಲು ಫಿಲ್ಟರ್ ನೋಡಿಸಿ!

ಸ್ಪ್ಲೆಂಡರ್ ಎಂಜಿನ್ನಿನಲ್ಲಿ ಕಾರಿಗಿರುವಂಥ ಕಾಗದದ ಆಯಿಲ್ ಫಿಲ್ಟರೇ ಇಲ್ಲ, ಗೊತ್ತೇ? ಒಂದು ಜಾಲರಿ, ಜೊತೆಗೆ ಗಿರಗಿರ ತಿರುಗುವ ಒಂದು ಬಟ್ಟಲು. ಡೇರಿಯಲ್ಲಿ ಯಂತ್ರ ತಿರುಗಿಸಿ ಹಾಲಿನಿಂದ ಕೆನೆ ಬೇರೆ ಮಾಡುತ್ತಾರಲ್ಲ, ಹಾಗೆ ಎಣ್ಣೆಯ ಕೊಳೆ ಬಟ್ಟಲಿನ ಅಂಚಿಗೆ ಹೋಗಿ ಅಂಟುತ್ತದೆ! ಬದಲಿಸುವ ಖರ್ಚಿಲ್ಲ. ಬಿಚ್ಚಿ ಒರೆಸಿದರೆ ಆಯಿತು!

ಅದರ ಎಣ್ಣೆ ಮಟ್ಟ ನೋಡುವುದರಲ್ಲೂ ಒಂದು ಗುಟ್ಟಿದೆ. ಡಿಪ್‌ಸ್ಟಿಕ್ ಒರೆಸಿ ಒಳಗಿಟ್ಟು ನೋಡಬೇಕು, ತಿರುಪಿ ಬಿಗಿಯಬಾರದು! ಬಿಗಿದರೆ ಕಡ್ಡಿ ಇನ್ನಷ್ಟು ಆಳಕ್ಕೆ ಇಳಿದು, ಇಲ್ಲದ ಎಣ್ಣೆಯನ್ನು ಇದೆಯೆಂದು ತೋರಿಸುತ್ತದೆ.

ನಮ್ಮ ರಾಜ್ಯದ್ದೇ ಬೈಕ್ ಬೇಕೇ? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ. 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳು ಅಲ್ಲಿಂದ ದೇಶವೆಲ್ಲ ಓಡಿದವು. ಅವು ಟೂ ಸ್ಟ್ರೋಕ್. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಎಂಜಿನ್ ಆ ಎಣ್ಣೆಯನ್ನು ಬಳಸಿ, ಸುಟ್ಟು, ಹೊಗೆಯಾಗಿ ಬಿಡುತ್ತಿತ್ತು. ಪ್ರತಿ ಕಿಲೋಮೀಟರಿಗೂ ಹೊಸ ಎಣ್ಣೆ! ಬೆರೆಸಲು ಮರೆತರೆ ಎಂಜಿನ್ ಸೀಜ್! ಗೇರ್ ಬಾಕ್ಸಿಗೆ ಮಾತ್ರ ಬೇರೆಯೇ ಎಣ್ಣೆ.

ಆ ಗಾಡಿಯ ಇನ್ನೊಂದು ಚಮತ್ಕಾರ ಹೇಳದೆ ಇರಲಾರೆ. ಕಿಕ್ ಹೊಡೆಯುವ ಸನ್ನೆಯೇ ಗೇರ್ ಹಾಕುವ ಸನ್ನೆ! ಕಿಕ್ ಹೊಡೆದು, ಮುಂದಕ್ಕೆ ಮಡಚಿ, ಅದರಲ್ಲೇ ಗೇರ್ ಒತ್ತುವುದು!

ಕಪ್ಪತಗುಡ್ಡದ ಸುತ್ತ ನಿಂತ ಗಾಳಿಯಂತ್ರಗಳನ್ನು ನೋಡಿದ್ದೀರಿ. ಅವುಗಳಿಗೂ ನಿಮ್ಮ ಬೈಕಿಗೂ ನೆಂಟಸ್ತಿಕೆ ಇದೆ! ಗೇರ್ ಪೆಟ್ಟಿಗೆಯಿರುವ ಗಾಳಿಯಂತ್ರದಲ್ಲಿ ರೆಕ್ಕೆ ನಿಮಿಷಕ್ಕೆ ಹದಿನೈದು ಇಪ್ಪತ್ತು ಸುತ್ತು ಹಾಕಿದರೆ ಒಳಗಿನ ಜನರೇಟರ್ ಸುಮಾರು 1,500 ಸುತ್ತು ಹಾಕುತ್ತದೆ! ನಡುವಿನ ಗೇರುಗಳನ್ನು ಕಾಯುವುದು ಹೆಚ್ಚಾಗಿ ಪಿಎಒ ಕುಲದ ಸಿಂಥೆಟಿಕ್ ಎಣ್ಣೆ, ನೂರಾರು ಲೀಟರ್. ಅಷ್ಟೆತ್ತರಕ್ಕೆ ಎಣ್ಣೆ ಹೊತ್ತು ಪದೇ ಪದೇ ಬದಲಿಸುವವರು ಯಾರು? ವರ್ಷಗಟ್ಟಲೆ ಬಾಳುವ ಎಣ್ಣೆಯೇ ಬೇಕು. ಗೇರ್ ಪೆಟ್ಟಿಗೆಯೇ ಇಲ್ಲದ ಗಾಳಿಯಂತ್ರಗಳೂ ಇವೆ. ಅವುಗಳಿಗೆ ಈ ಚಿಂತೆಯೇ ಇಲ್ಲ!

ನಂಬಲು ಕಷ್ಟ, ಆದರೆ ನಿಜ. 1970ರ ದಶಕದ ಆರಂಭದವರೆಗೂ ಅಮೆರಿಕದ ಕಾರುಗಳ ಆಟೋಮ್ಯಾಟಿಕ್ ಗೇರ್ ಬಾಕ್ಸಿನಲ್ಲಿ ತಿಮಿಂಗಿಲದ ಎಣ್ಣೆ ಬೆರೆತಿರುತ್ತಿತ್ತು! ತಿಮಿಂಗಿಲ ಕೊಲ್ಲುವುದಕ್ಕೆ ನಿಷೇಧ ಬಂತು, ರಸಾಯನಶಾಲೆಗಳು ಬೇರೆ ದಾರಿ ಹುಡುಕಿದವು.

ಸಾದಾ ಎಣ್ಣೆಯೊಳಗೆ ಸಿಂಥೆಟಿಕ್ ಬೆರೆತರೆ ಮೊಸರಾಗುತ್ತದೆ ಎಂದು ಹೆದರಿಸುತ್ತಾರೆ. ಸುಳ್ಳು! ಎಪಿಐ ಗುರುತು ಬೇಕೆಂದರೆ ಒಂದರೊಳಗೊಂದು ಬೆರೆಯುವ ಪರೀಕ್ಷೆಯನ್ನೂ ಎಣ್ಣೆ ಪಾಸು ಮಾಡಿರಬೇಕು. ದಾರಿಯಲ್ಲಿ ಎಣ್ಣೆ ಕಡಿಮೆಯಾಯಿತೇ? ಸಿಕ್ಕ ಎಂಎ ಎಣ್ಣೆ ಹಾಕಿ ಮನೆ ಸೇರಿ. ದುಬಾರಿ ಎಣ್ಣೆಯ ಗುಣ ಒಂದಿಷ್ಟು ತೆಳುವಾದೀತು, ಅಷ್ಟೇ.

ಎಣ್ಣೆ ಬೇಗ ಕಪ್ಪಾಯಿತೆಂದು ಅಂಗಡಿಯವನನ್ನು ಬೈಯುತ್ತೀರಾ? ತಡೆಯಿರಿ! ಒಳ್ಳೆಯ ಎಣ್ಣೆಯೇ ಕಪ್ಪಾಗುವುದು. ಮಸಿಯನ್ನು ಗೋಡೆಗೆ ಅಂಟಲು ಬಿಡದೆ ತನ್ನೊಳಗೆ ಹೊತ್ತು ತಿರುಗುವ ರಸಾಯನ ಅದರಲ್ಲಿದೆ. ಕಪ್ಪು ಬಣ್ಣ ಅದು ದುಡಿದ ಗುರುತು! ಹೊಸ ಎಣ್ಣೆಯ ಕೆಂಪು, ಹಸಿರು ಹೊಳಪು ಬರೀ ಹಾಕಿದ ಬಣ್ಣ, ಅದಕ್ಕೂ ಗುಣಕ್ಕೂ ಸಂಬಂಧವಿಲ್ಲ. ಕಪ್ಪಾಗಿದೆಯೋ ಇಲ್ಲವೋ ಎಂದು ನೋಡಬೇಡಿ, ಕಿಲೋಮೀಟರ್ ಲೆಕ್ಕ ನೋಡಿ ಬದಲಿಸಿ.

ಬದಲಿಸಿದ ಹಳೆ ಎಣ್ಣೆ ಎಲ್ಲಿಗೆ ಹೋಗುತ್ತದೆ? ಚರಂಡಿಗೋ, ಹಿತ್ತಲಿಗೋ ಸುರಿದರೆ ಏನಾಗುತ್ತದೆ ಕೇಳಿ. ಒಂದು ಕಾರಿನ ಒಂದು ಸಲದ ಹಳೆ ಎಣ್ಣೆ 10 ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ! ನೀರಿಗಾಗಿ ಬೋರ್‌ವೆಲ್ ಆಳ ನೋಡುತ್ತ ಕೂರುವ ನಮ್ಮ ಸೀಮೆಯಲ್ಲಿ ಇದನ್ನು ಓದಿ ನನಗೆ ಎದೆ ಧಸಕ್ಕೆಂದಿತು.

ಇನ್ನು ಖುಷಿಯ ಸುದ್ದಿ. ಎಣ್ಣೆಯ ಮೂಲ ಅಣು ಅಷ್ಟು ಬೇಗ ಸವೆಯುವುದೇ ಇಲ್ಲ! ಕೊಳೆ, ನೀರು, ಸತ್ತ ರಸಾಯನಗಳನ್ನು ತೆಗೆದರೆ ಅದೇ ಎಣ್ಣೆ ಮತ್ತೆ ಹೊಸದಾಗುತ್ತದೆ. ನಮ್ಮ ದೇಶದಲ್ಲಿ 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಿಸುವ ಕಂಪನಿಗಳೇ ಹಳೆ ಎಣ್ಣೆಯ ಮರುಬಳಕೆಯ ಹೊಣೆ ಹೊರಬೇಕೆಂಬ ನಿಯಮ ಜಾರಿಯಲ್ಲಿದೆ. ಗ್ಯಾರೇಜಿನ ಮೂಲೆಯಲ್ಲಿ ಎಣ್ಣೆ ಮೆತ್ತಿದ ಡ್ರಮ್ ಇರುತ್ತದಲ್ಲ, ಮನೆಯಲ್ಲೇ ಆಯಿಲ್ ಬದಲಿಸುವವರು ಹಳೆಯದನ್ನು ಅದಕ್ಕೇ ತಂದು ಸುರಿಯಿರಿ!

ಖಾಲಿ ಬಾಟಲಿಯನ್ನೂ ಹಾಗೇ ಎಸೆಯಬೇಡಿ. ನಕಲಿ ಎಣ್ಣೆ ತುಂಬುವವರಿಗೆ ಅಸಲಿ ಬಾಟಲಿಯೇ ಬಂಡವಾಳ! ಮೆಕ್ಯಾನಿಕ್‌ಗೆ ಹೇಳಿ, ನಿಮ್ಮ ಕಣ್ಣೆದುರಿಗೇ ಸೀಲ್ ಒಡೆಸಿ, ಸುರಿದಾದ ಮೇಲೆ ಬಾಟಲಿಗೆ ಒಂದು ತೂತು ಹೊಡೆಸಿಬಿಡಿ. ಒಂದು ಮೊಳೆ ಸಾಕು!